ಸಂಪು, ಮುಷ್ಕರ, ಬಂದ್: ನಮ್ಮ ಗಡಿಭಾಗದ ಒಂದು ಚರಿತ್ರೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಹಿರಿಯರ ಬಾಯಲ್ಲಿ ‘ಮುಷ್ಕರ’ ಎಂಬ ಪದ ಇರಲಿಲ್ಲ. ಅದು ವೃತ್ತಪತ್ರಿಕೆಗಳ ಮೂಲಕ ಬಂದದ್ದು. ಅವರು ಆಡುತ್ತಿದ್ದ ಮಾತು ‘ಸಂಪು’. ಮರಾಠಿಯ ‘ಸಂಪ’ವೇ ಗಡಿ ದಾಟಿ ನಮ್ಮಲ್ಲಿ ಸಂಪು ಆಯಿತು. ಕೈಯಲ್ಲಿರುವ ಕೆಲಸವನ್ನು ಕೆಳಗಿಟ್ಟು, ಬರಬೇಕಾದ ಕೂಲಿಯನ್ನೂ ಬಿಟ್ಟು ಕೂರುವುದು ಸಂಪು. ಇದರ ಪಕ್ಕದಲ್ಲಿ ಕಾಲಕ್ರಮದಲ್ಲಿ ಬಂದು ನಿಂತದ್ದು ‘ಬಂದ್’. ಇಲ್ಲಿ ನಿಲ್ಲುವುದು ಬೇರೆಯವರ ಕೆಲಸ: ಅಂಗಡಿಯವನ ವ್ಯಾಪಾರ, ಬಸ್ಸಿನ ಓಡಾಟ, ಮಕ್ಕಳ ಶಾಲೆ. ಇವೆರಡು ಒಂದೇ ಅಲ್ಲವೆಂಬುದು ಜನರಿಗೆ ಚೆನ್ನಾಗಿ ತಿಳಿದಿತ್ತು. ಕಾರ್ಮಿಕ ಸಂಘಗಳ ಮೇಲೆ ನಮ್ಮ ಭಾಗದಲ್ಲಿ ಒಂದು ಕಾಲಕ್ಕಿದ್ದ ಗೌರವ ಕಡಿಮೆಯಾದದ್ದೇಕೆ ಎಂದು ಯೋಚಿಸುವಾಗಲೆಲ್ಲ ನನಗೆ ಈ ಎರಡು ಪದಗಳ ನಡುವಿನ ಅಂತರವೇ ನೆನಪಾಗುತ್ತದೆ.

ದೇಶವ್ಯಾಪಿ ಮುಷ್ಕರವೆಂದರೇನೆಂಬುದನ್ನು ನಮ್ಮ ತಲೆಮಾರು ಮೊದಲು ಕಂಡದ್ದು 1974ರಲ್ಲಿ. ಮೀರಜದಿಂದ ಬೆಳಗಾವಿಗೆ ಹೋಗುವ ರೈಲುಹಾದಿ ನಮ್ಮ ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗಗಳನ್ನು ಹಾದುಹೋಗುತ್ತದೆ. ‘ಚಿಕ್ಕೋಡಿ ರೋಡ್’ ಎಂಬ ನಿಲ್ದಾಣವೂ ಒಂದುಂಟು; ಆದರೆ ಅಲ್ಲಿ ಇಳಿದವರಿಗೆ ಚಿಕ್ಕೋಡಿ ಇನ್ನೂ ಬಹಳ ದೂರ. ಆಗ ಅದು ಮೀಟರ್‌ಗೇಜ್ ಹಾದಿ. ಆ ವರ್ಷ ಮೇ 8ರಂದು ರೈಲ್ವೆ ಕಾರ್ಮಿಕರು ಕೆಲಸ ನಿಲ್ಲಿಸಿದರು. ದೇಶದಾದ್ಯಂತ ಸುಮಾರು 17 ಲಕ್ಷ ಮಂದಿ ಅದರಲ್ಲಿ ಭಾಗವಹಿಸಿದರೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಮುಂದಾಳು ಕನ್ನಡಿಗರೇ: ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಬೀದಿಗಳಲ್ಲಿ ಕಾರ್ಮಿಕ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸ್.

ಅವರ ಬೇಡಿಕೆಗಳನ್ನು ಇಂದು ಓದಿದರೆ ಅತಿಯೆನಿಸುವಂಥದ್ದೇನೂ ಕಾಣುವುದಿಲ್ಲ. ಇಂಜಿನ್ ನಡೆಸುವವರು ಬ್ರಿಟಿಷರ ಕಾಲದ ನಿಯಮಗಳಿಗೆ ಒಳಪಟ್ಟು ಹದಿನಾಲ್ಕು, ಹದಿನಾರು ಗಂಟೆ ದುಡಿಯಬೇಕಾಗುತ್ತಿತ್ತು. ಎಂಟು ಗಂಟೆಯ ದಿನ, ಬೋನಸ್, ಸಾರ್ವಜನಿಕ ಉದ್ದಿಮೆಗಳ ನೌಕರರಿಗೆ ಸಮನಾದ ವೇತನ, ಇವು ಮುಖ್ಯ ಬೇಡಿಕೆಗಳು. ಮುಷ್ಕರ ಆರಂಭವಾಗುವ ಮೊದಲೇ, ಮೇ 2ರಂದು, ಫರ್ನಾಂಡಿಸ್ ಬಂಧಿತರಾದರು. ಸಾವಿರಾರು ಜನ ಸೆರೆಮನೆ ಸೇರಿದರು, ಸಾವಿರಾರು ಜನ ಕೆಲಸ ಕಳೆದುಕೊಂಡರು, ಎಷ್ಟೋ ಕುಟುಂಬಗಳನ್ನು ರೈಲ್ವೆ ಕ್ವಾರ್ಟರ್ಸುಗಳಿಂದ ಹೊರಗೆ ಹಾಕಲಾಯಿತು. ಇಪ್ಪತ್ತು ದಿನಗಳ ಬಳಿಕ, ಮೇ 27ರಂದು, ಯಾವ ಬೇಡಿಕೆಯೂ ಈಡೇರದೆ ಮುಷ್ಕರ ಹಿಂತೆಗೆಯಲ್ಪಟ್ಟಿತು.

ನಮ್ಮ ಭಾಗ 1972ರ ಬರಗಾಲದಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿತ್ತು. ರೈಲು ನಿಂತರೆ ಧಾನ್ಯ ಬರುವುದು ಹೇಗೆಂಬ ಭಯ ಎಲ್ಲರಿಗೂ ಇತ್ತು. ಆದರೂ ರೈಲ್ವೆಯವರನ್ನು ಕುರಿತು ಜನ ತುಚ್ಛವಾಗಿ ಮಾತನಾಡಲಿಲ್ಲ. ಇದಕ್ಕೆ ಕಾರಣ ಸರಳ. ನಷ್ಟ ಮೊದಲು ಬಿದ್ದದ್ದು ಸಂಪು ಹೂಡಿದವರ ಮೇಲೆ. ಕೆಲಸ ಹೋದದ್ದು, ಮನೆ ಹೋದದ್ದು ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ವಜಾಗೊಂಡವರು ಮರಳಿ ಕೆಲಸಕ್ಕೆ ಸೇರಿದ್ದು 1977ರಲ್ಲಿ ಜನತಾ ಸರಕಾರ ಬಂದ ಮೇಲೆ. ಬೋನಸ್ ದೊರೆತದ್ದು 1979ರಲ್ಲಿ. ಸೋತ ಮುಷ್ಕರವೆಂದು ಬರೆದಿಟ್ಟದ್ದು ಐದು ವರ್ಷಗಳ ನಂತರ ಫಲ ಕೊಟ್ಟಿತೆನ್ನಬಹುದು. ಆದರೆ ಐದು ವರ್ಷ ಕಾಯುವ ಶಕ್ತಿ ಯಾರಿಗಿರುತ್ತದೆ?

ಆ 1974ರಲ್ಲೇ ಇನ್ನೊಂದು ಘಟನೆ ನಡೆಯಿತು. ಅದಕ್ಕೆ ಯಾರೂ ಡೋಲು ಬಾರಿಸಲಿಲ್ಲ. ಬೀಡಿ ಮತ್ತು ಸಿಗಾರ್ ಕಾರ್ಮಿಕರಿಗಾಗಿ 1966ರಲ್ಲಿ ಸಂಸತ್ತು ಒಂದು ಕಾನೂನು ಮಾಡಿತ್ತು. ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ಹೆಂಗಸೂ ಕಾರ್ಮಿಕಳೇ, ಗುತ್ತಿಗೆದಾರನ ಹಿಂದೆ ಅಡಗಿ ಕೂತ ಮಾಲೀಕನೂ ಮಾಲೀಕನೇ ಎಂಬುದು ಅದರ ತಿರುಳು. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊದಲಾದ ಉದ್ದಿಮೆಗಳು ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದವು. ನ್ಯಾಯಾಲಯ 1974ರಲ್ಲಿ ಆ ಕಾನೂನನ್ನು ಎತ್ತಿಹಿಡಿಯಿತು. ನಿಪ್ಪಾಣಿಯ ಓಣಿಓಣಿಗಳಿಗೆ ಸಂಬಂಧಿಸಿದ ತೀರ್ಪು ಇದು. ರೈಲು ನಿಂತದ್ದು ಎಲ್ಲರಿಗೂ ಗೊತ್ತಾಯಿತು. ಈ ತೀರ್ಪು ಯಾರಿಗಾಗಿ ಬಂತೋ ಅವರಿಗೆ ಅದನ್ನು ತಿಳಿಹೇಳುವವರು ಬರಲು ಇನ್ನೂ ಹಲವು ವರ್ಷ ಬೇಕಾಯಿತು.

ಈಗ ನಿಪ್ಪಾಣಿಯ ಮಾತಿಗೆ ಬರೋಣ. ಆಗ ಅದು ಚಿಕ್ಕೋಡಿ ತಾಲ್ಲೂಕಿಗೆ ಸೇರಿದ ಪೇಟೆ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಊರು, ಬೀಡಿ ತಂಬಾಕಿನ ದೊಡ್ಡ ಮಾರುಕಟ್ಟೆ. ಹೊಲದಿಂದ ಬಂದ ತಂಬಾಕು ವ್ಯಾಪಾರಿಗಳ ವಖಾರಿಗಳನ್ನು ಸೇರುತ್ತದೆ. ಅಲ್ಲಿ ಅದನ್ನು ಒಣಗಿಸಿ, ಬಡಿದು, ಜರಡಿ ಹಿಡಿದು ಹದಗೊಳಿಸುವವರು ಹೆಂಗಸರು. ವಖಾರಿಯ ಬಾಗಿಲಲ್ಲಿ ಒಂದು ಗಳಿಗೆ ನಿಂತವರಿಗೂ ಆ ಘಾಟಿನಿಂದ ಕಣ್ಣು ಉರಿದು ಸೀನು ಬರುತ್ತದೆ. ಅವರು ದಿನವಿಡೀ ಅದರೊಳಗೇ ಇರುತ್ತಿದ್ದರು. ಇನ್ನುಳಿದ ಸಾವಿರಾರು ಹೆಂಗಸರು ಮನೆಯಲ್ಲಿ ಬೀಡಿ ಕಟ್ಟುವವರು. ಗುತ್ತಿಗೆದಾರ ಎಲೆ, ತಂಬಾಕು ತೂಗಿ ಕೊಡುತ್ತಾನೆ. ಎಲೆ ನೆನೆಸಿ, ಅಳತೆಯ ತಗಡಿಟ್ಟು ಕತ್ತರಿಸಿ, ತಂಬಾಕು ತುಂಬಿ ಸುರುಳಿ ಸುತ್ತಿ, ದಾರ ಕಟ್ಟಿ, ಸಾವಿರದ ಲೆಕ್ಕದಲ್ಲಿ ಒಪ್ಪಿಸಬೇಕು. ಎಣಿಸುವವನು ಸರಿಯಿಲ್ಲವೆಂದು ಬದಿಗೆ ತೆಗೆದಿಟ್ಟ ಬೀಡಿಗೆ ಕೂಲಿಯಿಲ್ಲ. ಆದರೆ ಬೀಡಿಯನ್ನು ಮರಳಿ ಕೊಡುವುದೂ ಇಲ್ಲ! ಎಲೆ ಕಳಪೆಯಾಗಿದ್ದು ಕಡಿಮೆ ಬಿದ್ದರೆ ಅವಳೇ ಕೊಂಡು ತರಬೇಕು. ಇದು ಲೆಕ್ಕದ ಮೋಸವೆಂದು ತಿಳಿಯಲು ಅಕ್ಷರ ಬೇಕಾಗಿರಲಿಲ್ಲ. ಎದುರು ಹೇಳಲು ಮಾತ್ರ ಜೊತೆಗಾರರು ಬೇಕಾಗಿದ್ದರು.

1980ರ ಸುಮಾರಿಗೆ ಆ ಜೊತೆ ಕೂಡಿಬಂತು. ಪ್ರಾಧ್ಯಾಪಕ ಸುಭಾಷ ಜೋಶಿಯವರ ಮುಂದಾಳುತನದಲ್ಲಿ ಚಿಕ್ಕೋಡಿ ತಾಲ್ಲೂಕು ಕಾಮಗಾರ ಮಹಾಸಂಘ ಬೆಳೆಯಿತು. ವಖಾರಿಯ ಹೆಂಗಸರೂ ಬೀಡಿ ಕಟ್ಟುವವರೂ ಅದರಲ್ಲಿ ಸೇರಿದರು. ವಖಾರಿಯ ಹೆಂಗಸರು ಸಂಪು ಹೂಡಿದರು. ದಿಲ್ಲಿಯಿಂದ ಬಂದ ಕರೆಗೆ ಓಗೊಟ್ಟು ಮಾಡಿದ ಸಂಪಲ್ಲ ಅದು. ಯಾವ ವಖಾರಿ, ಯಾವ ಮಾಲೀಕ, ಎಷ್ಟು ಕೂಲಿ, ಎಷ್ಟು ಗಂಟೆ ಎಂಬುದೆಲ್ಲ ಸಂಪು ಹೂಡಿದ ಪ್ರತಿಯೊಬ್ಬಳಿಗೂ ಬಾಯಿಪಾಠ. ಅವಳಿಗೆ ಗೊತ್ತಿಲ್ಲದ ಒಂದು ಬೇಡಿಕೆಯೂ ಪಟ್ಟಿಯಲ್ಲಿರಲಿಲ್ಲ. ದೀಪಾ ಧನರಾಜ್ ಮತ್ತು ಅವರ ‘ಯುಗಾಂತರ’ ತಂಡದವರು 1982ರಲ್ಲಿ ಈ ಹೆಂಗಸರ ಬಗ್ಗೆ ಮರಾಠಿಯಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ‘ತಂಬಾಕೂ ಚಾಕಿಲಾ ಊಬ ಆಲಿ’ ಎಂದು ಅದರ ಹೆಸರು. ತಮ್ಮ ಸಭೆಗಳನ್ನು, ತಮ್ಮ ಜಗಳಗಳನ್ನು ಆ ಹೆಂಗಸರು ತಾವೇ ಮತ್ತೆ ನಡೆಸಿ ತೋರಿಸಿದ್ದಾರೆ. ನಮ್ಮ ಜಿಲ್ಲೆಯ ಚರಿತ್ರೆ ಬರೆಯುವವರು ಸಂಸ್ಥಾನಿಕರ ಸನದುಗಳನ್ನು ಹುಡುಕುವಷ್ಟು ಶ್ರದ್ಧೆಯಿಂದ ಈ ಚಿತ್ರವನ್ನೂ ನೋಡಬೇಕೆಂದು ನನ್ನ ಅಭಿಪ್ರಾಯ.

ಇದೇ ಕಾಲಕ್ಕೆ ತಂಬಾಕು ಬೆಳೆದ ರೈತರೂ ಎದ್ದರು. ಕಿಲೋಗೆ ಕನಿಷ್ಠ ಹತ್ತು ರೂಪಾಯಿ ಬೆಲೆ ಬೇಕೆಂದು 1981ರ ಮಾರ್ಚ್ 14ರಂದು ಶೇತ್ಕರಿ ಸಂಘಟನೆಯ ಶರದ ಜೋಶಿಯವರ ನೇತೃತ್ವದಲ್ಲಿ ಸಾವಿರಾರು ರೈತರು ನಿಪ್ಪಾಣಿಯ ಹೆದ್ದಾರಿಯ ಮೇಲೆ ಕುಳಿತರು. ಸುಭಾಷ ಜೋಶಿಯವರು ಅಲ್ಲಿಯೂ ಇದ್ದರು. ಕೂಲಿಕಾರಳ ಸಂಘವೂ ಬೆಳೆಗಾರನ ಚಳವಳಿಯೂ ಒಂದೇ ಊರಿನಲ್ಲಿ, ಬಹುಮಟ್ಟಿಗೆ ಒಂದೇ ಗುಂಪಿನ ಆಸರೆಯಲ್ಲಿ ನಡೆದದ್ದು ಅಪರೂಪ. ಬೆಳೆಗಾರನಿಗೆ ಹೆಚ್ಚು ಬೆಲೆ ಕೊಟ್ಟರೆ ಕೂಲಿ ಹೆಚ್ಚಿಸಲಾಗದು, ಕೂಲಿ ಹೆಚ್ಚಿಸಿದರೆ ಬೆಲೆ ಕೊಡಲಾಗದು ಎನ್ನುವುದು ವ್ಯಾಪಾರದ ಹಳೆಯ ತರ್ಕ. ಇಬ್ಬರೂ ಒಂದೇ ಅಂಗಡಿಯ ಎರಡು ಬಾಗಿಲುಗಳಲ್ಲಿ ಕಾಯುತ್ತ ನಿಂತವರೆಂಬುದನ್ನು ನಿಪ್ಪಾಣಿ ಆಗ ಕಂಡುಕೊಂಡಿತ್ತು.

ಹೆದ್ದಾರಿಯಲ್ಲಿ ಕುಳಿತದ್ದು ಸಂಪೋ ಬಂದೋ ಎಂದು ಓದುಗರು ಕೇಳಬಹುದು. ತಡೆದದ್ದು ಬೇರೆಯವರ ದಾರಿಯನ್ನೇ. ಆದರೆ ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಬಂಡಿಗಳೊಡನೆ, ಮನೆಮಂದಿಯೊಡನೆ ಇಪ್ಪತ್ತನಾಲ್ಕು ದಿನ ಡಾಂಬರಿನ ಮೇಲೆ ಬದುಕಿದವರು ತಮ್ಮ ಪಾಲಿನ ಕಷ್ಟವನ್ನು ಬೇರೆಯವರಿಗೆ ವರ್ಗಾಯಿಸಿ ಮನೆಯಲ್ಲಿ ಕೂತಿರಲಿಲ್ಲ. ಅದಕ್ಕೊಂದು ‘ಆಂದೋಲನ ನಗರ’ವೆಂಬ ಹೆಸರೇ ಬಂತು. ಏಪ್ರಿಲ್ 6ರಂದು ಪೊಲೀಸರು ಬಂಧನಕ್ಕಿಳಿದರು, ಗೋಲಿಬಾರಾಯಿತು, ಹನ್ನೆರಡು ರೈತರು ಸತ್ತರು. ನರಗುಂದ, ನವಲಗುಂದಗಳ ಗೋಲಿಬಾರು ನಡೆದು ಆಗಿನ್ನೂ ಒಂಬತ್ತು ತಿಂಗಳು ಕೂಡ ತುಂಬಿರಲಿಲ್ಲ. ನರಗುಂದದ ಹೆಸರು ಕರ್ನಾಟಕದ ಎಲ್ಲರಿಗೂ ಗೊತ್ತು. ನಿಪ್ಪಾಣಿಯ ಹನ್ನೆರಡು ಮಂದಿಯನ್ನು ಮರಾಠಿ ಬರಹಗಳು ನೆನೆದಷ್ಟು ಕನ್ನಡ ಬರಹಗಳು ನೆನೆಯಲಿಲ್ಲ. ಗಡಿಯ ತಂಟೆಯಲ್ಲಿ ಸತ್ತವರಿಗೂ ಭಾಷೆಯ ಲೆಕ್ಕ ಹಚ್ಚುವ ನಮ್ಮ ರೂಢಿಗೆ ಏನೆನ್ನಬೇಕು!

ಹೀಗೆ 1981ರ ಕೊನೆಗೆ ನಮ್ಮ ಸೀಮೆಯಲ್ಲಿ ‘ಸಂಘ’ವೆಂಬ ಮಾತಿಗೆ ತೂಕವಿತ್ತು. ಮರುವರ್ಷದ ಜನವರಿಯಲ್ಲಿ ಒಂದರ ಹಿಂದೊಂದರಂತೆ ಎರಡು ದಿನಗಳಲ್ಲಿ ಎರಡು ದೊಡ್ಡ ಮುಷ್ಕರಗಳು ಬಂದವು. 1982ರ ಜನವರಿ 18ರಂದು ಮುಂಬಯಿಯ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಜನವರಿ 19ರಂದು, ಕಾರ್ಮಿಕ ಸಂಘಗಳ ರಾಷ್ಟ್ರೀಯ ಪ್ರಚಾರ ಸಮಿತಿಯ ಕರೆಯಂತೆ ದೇಶವ್ಯಾಪಿ ಸಾರ್ವತ್ರಿಕ ಮುಷ್ಕರ ನಡೆಯಿತು. ಈ ಎರಡನೆಯದರಲ್ಲಿ ಬೆಲೆಯೇರಿಕೆಯ ಜೊತೆಗೆ ಕೃಷಿಕೂಲಿಗಳಿಗೆ ಸಮಗ್ರ ಕಾನೂನು ಬೇಕೆಂಬ ಬೇಡಿಕೆಯೂ ಇತ್ತು. ಅಂದು ಗೋಲಿಬಾರಿನಲ್ಲಿ ದೇಶದ ಬೇರೆಬೇರೆ ಕಡೆ ಹತ್ತು ಮಂದಿ ಸತ್ತರು. ಆಡಳಿತ ಪಕ್ಷದೊಡನಿದ್ದ ಐಎನ್‌ಟಿಯುಸಿ ಅದರಿಂದ ದೂರ ಉಳಿಯಿತು.

ನಮ್ಮ ಜನರ ಮನಸ್ಸಿನಲ್ಲಿ ಉಳಿದದ್ದು ಜನವರಿ 19 ಅಲ್ಲ, ಜನವರಿ 18. ನಮ್ಮ ಹಳ್ಳಿಗಳಿಂದ, ಅದಕ್ಕಿಂತ ಹೆಚ್ಚಾಗಿ ಆಚೆಯ ಕೊಲ್ಲಾಪುರ, ಸಾತಾರಾ ಕಡೆಯಿಂದ, ಗಿರಣಿಗೆ ಹೋದವರಿದ್ದರು. ಅವರ ಮನಿಯಾರ್ಡರಿನ ಮೇಲೆ ನಿಂತ ಮನೆಗಳಿದ್ದವು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಡಾ. ದತ್ತಾ ಸಾಮಂತರ ಹಿಂದೆ ಹೋದರು. ಯಾಕೆ ಹೋದರೆಂಬುದನ್ನು ಮರೆಯಬಾರದು. 1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯಿದೆಯ ಪ್ರಕಾರ ಮಾಲೀಕರೊಡನೆ ಮಾತನಾಡುವ ಹಕ್ಕಿದ್ದುದು ಮಾನ್ಯತೆ ಪಡೆದ ಒಂದೇ ಸಂಘಕ್ಕೆ. ಅದು ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘ. ಕಾರ್ಮಿಕರಿಗೆ ಅದರ ಮೇಲೆ ಕಿಂಚಿತ್ತೂ ನಂಬಿಕೆ ಉಳಿದಿರಲಿಲ್ಲ, ಕಾನೂನಿಗೆ ಮಾತ್ರ ಪೂರ್ತಿ ನಂಬಿಕೆಯಿತ್ತು. ಸಂಘಗಳ ಮೇಲಿನ ಭ್ರಮನಿರಸನ ಈ ಮುಷ್ಕರದ ಫಲವೆಂದು ಸಾಮಾನ್ಯವಾಗಿ ಬರೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಅದೇ ಮುಷ್ಕರದ ಕಾರಣ. ತಮ್ಮದೇ ಸಂಘವನ್ನು ನಂಬಲಾಗದೆ ಹೊರಗಿನ ಒಬ್ಬ ಧೈರ್ಯಸ್ಥನನ್ನು ಹುಡುಕಿಕೊಂಡು ಹೋದವರು ಅವರು.

ಆ ಮುಷ್ಕರವನ್ನು ಇಂದಿನವರೆಗೂ ಯಾರೂ ವಿಧಿವತ್ತಾಗಿ ಹಿಂತೆಗೆದುಕೊಂಡಿಲ್ಲ. ವರ್ಷ ಕಳೆಯಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಕೊನೆಗೆ ಅವುಗಳ ಜಾಗ ಗಗನಚುಂಬಿ ಕಟ್ಟಡಗಳ ಪಾಲಾಯಿತು. ಊರಿಗೆ ಮರಳಿದವರಲ್ಲಿ ಕೆಲವರು ಕಬ್ಬು ಕಡಿದರು, ಕೆಲವರು ಪಾನಪಟ್ಟಿ ಅಂಗಡಿ ಇಟ್ಟರು. ಅವರ ಮನೆಗಳ ಮುಂದೆ ಸಂಘದ ಮಾತೆತ್ತಿದರೆ, “ಯುನಿಯನ್ ನಂಬಿ ಮನಿ ಮುಳುಗಿತಲ್ರೀ ಮಾಸ್ತರ” ಎನ್ನುವುದೇ ಉತ್ತರವಾಗಿತ್ತು. ವಾದಿಸಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಮುಂದಿನ ಕಥೆ ಕರೆಗಳ ಕಥೆ. ಹೊಸ ಆರ್ಥಿಕ ನೀತಿ ಬಂದ ವರ್ಷ, 1991ರ ನವೆಂಬರ್ 29ರಂದು ಅದರ ವಿರುದ್ಧ ಮೊದಲ ದೇಶವ್ಯಾಪಿ ಮುಷ್ಕರ ನಡೆಯಿತು. ಅಲ್ಲಿಂದೀಚೆಗೆ ಇಂಥವು ಇಪ್ಪತ್ತಕ್ಕೂ ಹೆಚ್ಚು ಸಲ ನಡೆದಿವೆ. 1920ರಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಎಐಟಿಯುಸಿ ಎಂಬ ಒಂದು ಮನೆಯಾಗಿ ಆರಂಭವಾದದ್ದು ಐಎನ್‌ಟಿಯುಸಿ, ಎಚ್‌ಎಂಎಸ್, ಬಿಎಂಎಸ್, ಸಿಐಟಿಯು ಎಂದು ಪಕ್ಷಕ್ಕೊಂದು ಮನೆಯಾಗಿತ್ತು. 2012ರಲ್ಲಿಯೂ 2013ರಲ್ಲಿಯೂ ಎಲ್ಲರೂ ಒಟ್ಟಿಗೆ ಮುಷ್ಕರ ಹೂಡಿದರು. ದಿಲ್ಲಿಯಲ್ಲಿ ಸರಕಾರ ಬದಲಾದ ಮೇಲೆ, 2015ರ ಸೆಪ್ಟೆಂಬರ್ 2ರ ಮುಷ್ಕರದಿಂದ ಬಿಎಂಎಸ್ ಹಿಂದೆ ಸರಿಯಿತು. 1982ರಲ್ಲಿ ಐಎನ್‌ಟಿಯುಸಿ ಮಾಡಿದ್ದೂ ಇದನ್ನೇ. ನಮ್ಮವರು ಅಧಿಕಾರದಲ್ಲಿದ್ದಾಗ ಕಾರ್ಮಿಕನ ಹೊಟ್ಟೆನೋವು ಕಡಿಮೆಯಾಗುತ್ತದೆಯೇ? ಹಳ್ಳಿಯವರು ಇದನ್ನು ಗಮನಿಸುವುದಿಲ್ಲವೆಂದು ಭಾವಿಸುವುದು ಪೇಟೆಯವರ ದಡ್ಡತನ.

ಈ ಹೊತ್ತಿಗೆ ನಮ್ಮ ಊರುಗಳಲ್ಲಿ ‘ಭಾರತ್ ಬಂದ್’ ಎಂದರೆ ಬ್ಯಾಂಕಿನ ಬಾಗಿಲು ಮುಚ್ಚಿರುವ ದಿನವೆಂದಷ್ಟೇ ಅರ್ಥವಾಗಿತ್ತು. ಪೇಟೆ ತೆರೆದಿರುತ್ತದೆ, ಕಬ್ಬಿನ ಟ್ರ್ಯಾಕ್ಟರು ಓಡುತ್ತಿರುತ್ತದೆ. 2022ರ ಮಾರ್ಚ್ 28 ಮತ್ತು 29ರ ಮುಷ್ಕರ ಸೋಮವಾರ, ಮಂಗಳವಾರ ಬಿತ್ತು. ಅದಕ್ಕೆ ಮೊದಲು ನಾಲ್ಕನೆಯ ಶನಿವಾರ ಮತ್ತು ಭಾನುವಾರ. ಆರ್ಥಿಕ ವರ್ಷದ ಕೊನೆಯ ವಾರ ಬೇರೆ. ಖಾಸಗೀಕರಣ ಬೇಡವೆಂಬ ಬೇಡಿಕೆ ನ್ಯಾಯವಾದದ್ದೇ ಇರಬಹುದು. ಪಾಸ್‌ಬುಕ್ ಹಿಡಿದು ಹಳ್ಳಿಯಿಂದ ಬಂದ ಮುದುಕಿಗೆ ಕಾಣುವುದು ನಾಲ್ಕು ದಿನದ ಬೀಗ ಮಾತ್ರ. ಎರಡು ದಿನದ ಸಂಬಳ ಬಿಟ್ಟು ಹೋರಾಡಿದ ನೌಕರನ ತ್ಯಾಗ ಅವಳ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಶಿಕ್ಷಕ ವೃತ್ತಿಗೂ ಈ ಮಾತು ಸಲ್ಲುತ್ತದೆ. ತಮಿಳುನಾಡಿನಲ್ಲಿ 2003ರಲ್ಲಿ ಮುಷ್ಕರ ಹೂಡಿದ ಸುಮಾರು ಒಂದು ಲಕ್ಷ ಎಪ್ಪತ್ತು ಸಾವಿರ ಸರಕಾರಿ ನೌಕರರು ಮತ್ತು ಶಿಕ್ಷಕರನ್ನು ಒಮ್ಮೆಲೇ ವಜಾ ಮಾಡಿದಾಗ, ಸರಕಾರಿ ನೌಕರರಿಗೆ ಮುಷ್ಕರದ ಹಕ್ಕೇ ಇಲ್ಲವೆಂದು ಸುಪ್ರೀಂ ಕೋರ್ಟು ಹೇಳಿದಾಗ, ಬೀದಿಗಿಳಿದು ನಮ್ಮ ಪರ ಮಾತನಾಡಿದ ಸಾರ್ವಜನಿಕರು ಎಷ್ಟು ಜನ? ಬಂದ್ ಸಂವಿಧಾನಕ್ಕೆ ವಿರುದ್ಧವೆಂದು ಕೇರಳ ಹೈಕೋರ್ಟು 1997ರಲ್ಲಿ ಹೇಳಿ, ಅದೇ ವರ್ಷ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿತ್ತು. ಬೇರೆಯವರನ್ನು ಬಲವಂತದಿಂದ ನಿಲ್ಲಿಸುವುದು ಬೇರೆ, ತಾನು ನಿಲ್ಲುವುದು ಬೇರೆ ಎಂದು ನಮ್ಮ ಹಿರಿಯರು ಎರಡು ಪದಗಳಲ್ಲಿ ಇಟ್ಟಿದ್ದ ಭೇದವನ್ನೇ ನ್ಯಾಯಾಲಯವೂ ಬರೆದಂತಾಯಿತು.

ಗಡಿಭಾಗದ ನಮಗೆ ಇತ್ತೀಚೆಗೆ ಒಂದೇ ವರ್ಷದೊಳಗೆ ಎರಡು ರಾಜ್ಯಗಳ ಬಸ್ ಮುಷ್ಕರಗಳನ್ನು ನೋಡುವ ಯೋಗ ಬಂತು. 2021ರ ಏಪ್ರಿಲ್ 7ರಿಂದ 21ರವರೆಗೆ ಕರ್ನಾಟಕದ ಸಾರಿಗೆ ನೌಕರರು ಆರನೆಯ ವೇತನ ಆಯೋಗದ ಸಂಬಳಕ್ಕಾಗಿ ಬಸ್ಸು ನಿಲ್ಲಿಸಿದರು. ಹಳೆಯ ಸಂಘಗಳನ್ನು ಬದಿಗಿಟ್ಟು ‘ಕೂಟ’ವೆಂಬ ಹೊಸ ಸಂಘಟನೆ ಕಟ್ಟಿಕೊಂಡು, ರೈತ ನಾಯಕ ಕೋಡಿಹಳ್ಳಿ ಚಂದ್ರಶೇಖರ್ ಅವರನ್ನು ಗೌರವಾಧ್ಯಕ್ಷರನ್ನಾಗಿ ಮಾಡಿಕೊಂಡಿದ್ದರು. ಬೇಡಿಕೆ ಈಡೇರಲಿಲ್ಲ, ಬದಲಾಗಿ ವಜಾ, ವರ್ಗಾವಣೆಗಳ ಆದೇಶಗಳು ಬಂದವು. ಅದೇ ವರ್ಷದ ಅಕ್ಟೋಬರ್ ಕೊನೆಗೆ ಮಹಾರಾಷ್ಟ್ರದ ಎಸ್‌ಟಿ ನೌಕರರು, ತಮ್ಮನ್ನು ಸರಕಾರದಲ್ಲಿ ವಿಲೀನ ಮಾಡಬೇಕೆಂದು ಸಂಪು ಹೂಡಿದರು. ಅಲ್ಲಿಯೂ ಹಳೆಯ ಸಂಘಗಳ ಮಾತಿಗೆ ಬೆಲೆ ಸಿಗಲಿಲ್ಲ. ಮುಂದಾಳಾದವರು ಒಬ್ಬ ವಕೀಲರು. 2022ರ ಏಪ್ರಿಲ್ 22ರೊಳಗೆ ಕೆಲಸಕ್ಕೆ ಮರಳಿರೆಂದು ಮುಂಬಯಿ ಹೈಕೋರ್ಟು ಹೇಳಿದ ಮೇಲೆ ಅದು ಮುಗಿಯಿತು. ವಿಲೀನ ಆಗಲಿಲ್ಲ. 1982ರ ಗಿರಣಿ ಕಾರ್ಮಿಕ ಹುಡುಕಿಕೊಂಡು ಹೋದ ಹೊರಗಿನ ಧೈರ್ಯಸ್ಥನನ್ನೇ ನಲವತ್ತು ವರ್ಷಗಳ ನಂತರ ಕಂಡಕ್ಟರನೂ ಹುಡುಕಿದ್ದ. ಚಿಕ್ಕೋಡಿಯಿಂದ ಕೊಲ್ಲಾಪುರದ ಆಸ್ಪತ್ರೆಗೆ ಹೋಗಬೇಕಾದವರು ಮೊದಲು ನಮ್ಮ ಬಸ್ಸಿಗೆ, ಆಮೇಲೆ ಅವರ ಕೆಂಪು ಬಸ್ಸಿಗೆ ಕಾದದ್ದಷ್ಟೇ ಬಂತು.

ಆಮೇಲೆ ಬಂದದ್ದು 2025ರ ಜುಲೈ 9ರ ಮುಷ್ಕರ. ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತರಬಾರದೆಂಬುದು ಅದರ ಮುಖ್ಯ ಒತ್ತಾಯ. ಅದೇ ವರ್ಷದ ನವೆಂಬರ್ 21ರಂದು ಸಂಹಿತೆಗಳು ಜಾರಿಗೆ ಬಂದವು. ಹಳೆಯ ಕಾನೂನುಗಳ ಪಟ್ಟಿಯಲ್ಲಿ ಅವು ತಮ್ಮೊಳಗೆ ಸೇರಿಸಿಕೊಂಡದ್ದರಲ್ಲಿ 1966ರ ಬೀಡಿ ಕಾರ್ಮಿಕರ ಕಾಯಿದೆಯೂ ಒಂದು. ಅಂದು ಬೆಳಿಗ್ಗೆ ಭಾಷಣ ಮಾಡಿದವರಲ್ಲಿ ಎಷ್ಟು ಜನ ನಿಪ್ಪಾಣಿಯ ಓಣಿಗೆ ಹೋಗಿ, ‘ತಾಯೀ, ಇದು ನಿನ್ನ ಕಾನೂನು’ ಎಂದು ಹೇಳಿದರೋ ಕಾಣೆ. ಸಾವಿರದ ಲೆಕ್ಕದಲ್ಲಿ ಕೂಲಿ ಪಡೆಯುವವಳು ಹಗಲು ಬಂದ್ ಆಚರಿಸಿದರೂ ಅಂದಿನ ಬೀಡಿಯನ್ನು ರಾತ್ರಿ ಕೂತು ಕಟ್ಟಬೇಕಾಗುತ್ತದೆ. ಮಾಲೀಕನಿಗೆ ಒಂದು ಬೀಡಿಯೂ ನಷ್ಟವಾಗುವುದಿಲ್ಲ. ನಷ್ಟವಾಗುವುದು ಅವಳ ನಿದ್ದೆ. ಒಂದು ದಿನದ ಮುಷ್ಕರವೆಂಬ ಅಸ್ತ್ರವನ್ನು ರೂಪಿಸಿದವರು ತಿಂಗಳ ಸಂಬಳದವರು.

ನಾನು ನಿಪ್ಪಾಣಿ ಸೀಮೆಯ ಶಾಲೆಯಲ್ಲಿದ್ದ ವರ್ಷಗಳಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಸುವುದು ನನ್ನ ಪಾಲಿನ ಕೆಲಸವಾಗಿತ್ತು. 1976ರ ಕಾನೂನಿನಿಂದ ಹುಟ್ಟಿದ ನಿಧಿ ಅದು. ಬೀಡಿಯ ಮೇಲಿನ ಒಂದು ಸಣ್ಣ ಸೆಸ್ ಅದಕ್ಕೆ ಆಧಾರ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಾಯಿಯ ಉದ್ಯೋಗದೆದುರು ಮಕ್ಕಳು ‘ಮನೆಗೆಲಸ’ ಎಂದು ಬರೆಸಿರುತ್ತಿದ್ದರು, ಏಕೆಂದರೆ ಅವಳು ಕೆಲಸ ಮಾಡುತ್ತಿದ್ದುದು ಮನೆಯಲ್ಲೇ ತಾನೆ! ಅರ್ಜಿಗೆ ಮಾತ್ರ ‘ಬೀಡಿ ಕಾರ್ಮಿಕ’ ಎಂಬ ಗುರುತಿನ ಚೀಟಿ ಬೇಕು. ಚೀಟಿ ಬೇಕಾದರೆ ಅವಳು ತನ್ನ ಬಳಿ ದುಡಿಯುತ್ತಾಳೆಂದು ಯಾರಾದರೂ ಬರೆದುಕೊಡಬೇಕು. ಬರೆದುಕೊಡುವವರು ನಾಳೆ ಬಾ ಎನ್ನುತ್ತಿದ್ದರು. ಕೆಲವು ತಾಯಂದಿರು ಸಂಘದವರನ್ನು ಜೊತೆಗೆ ಕರೆದುಕೊಂಡು ಹೋಗಿ ಆ ಚೀಟಿ ಮಾಡಿಸಿಕೊಂಡು ಬಂದು, ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಮೇಜಿನ ಮೇಲೆ ಇಡುತ್ತಿದ್ದರು.

ಆ ಸೆಸ್ಸು 2017ರಲ್ಲಿ ಜಿಎಸ್‌ಟಿ ಬಂದಾಗ ರದ್ದಾಯಿತು. ಯೋಜನೆಗಳು ಆಮೇಲೆ ಸರಕಾರದ ಬಜೆಟ್ಟಿನ ಕೃಪೆಯ ಮೇಲೆ ನಿಂತವು.